ಹನ್ನೊಂದು ದಿನದ ಬಾಣಂತನ

ನನ್ನ ಅತ್ತೆ ನನಗೆಂದು ಮಾಡಿದ ಬಾಣಂತಿ ಊಟವನ್ನು ಹತ್ತು ದಿನ ನಾನು ಕಕ್ಕಸಿಗೆ ಸುರಿದೆ. ಹನ್ನೊಂದನೆಯ ದಿನ ಸಿಕ್ಕಿಬಿದ್ದಾಗ, ಈ ಊಟದಿಂದಲೇ ಮಗುವಿನ ಮೈಮೇಲೆ ಗುಳ್ಳೆ ಎದ್ದಿವೆ, ಡಾಕ್ಟರೇ ಹೇಳಿದ್ದಾರೆ ಎಂದೆ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಅದು ನನ್ನ ಸುಳ್ಳು. ಆ ಸುಳ್ಳನ್ನು ಅವರು ನಂಬಿದರು, ಆರು ವರ್ಷ ನಂಬಿಕೊಂಡೇ ಬದುಕಿದರು, ನಂಬಿಕೊಂಡೇ ತೀರಿಹೋದರು.

ಇಷ್ಟು ಬರೆದ ಮೇಲೆ ಪೆನ್ನು ಕೆಳಗಿಟ್ಟು, ಅಡಿಗೆಮನೆಗೆ ಹೋಗಿ ಸುಮ್ಮನೆ ನಿಂತು ಬಂದೆ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ — ನಿಜ ಹೇಳಿಬಿಡುತ್ತೇನೆ — ನಮ್ಮ ಮನೆಯಲ್ಲಿ ಇದನ್ನು ಓದಬಲ್ಲವರು ಒಬ್ಬರೂ ಇಲ್ಲ. ತೀರಿಹೋದ ಗಂಡ ಚೀನೀ ಮನುಷ್ಯ, ಮಕ್ಕಳು ಶಿಕಾಗೋದಲ್ಲಿ ಹುಟ್ಟಿದವರು. ಗುಟ್ಟನ್ನು ಬರೆದೂ ಮುಚ್ಚಿಡಬೇಕೆಂದರೆ ಇದಕ್ಕಿಂತ ಭದ್ರವಾದ ಪೆಟ್ಟಿಗೆ ಯಾವುದಿದೆ? ಎಪ್ಪತ್ತೆಂಟರ ವಯಸ್ಸಿನಲ್ಲೂ ನನ್ನ ಬುದ್ಧಿ ಹೀಗೆಯೇ ಓಡುತ್ತದೆ. ಆದರೂ ಎಲ್ಲಿಂದಲಾದರೂ ಶುರು ಮಾಡಬೇಕಲ್ಲ.

ನಾನು ಬೆಟಗೇರಿಯವಳು, ಹೆಸರು ಸುಗುಣಾ. ತಂದೆ ಅಲ್ಲಿನ ಕ್ರೈಸ್ತ ಸಭೆಯಲ್ಲಿ ಉಪದೇಶಿಯಾಗಿದ್ದರು. ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು ೧೯೬೮ರಲ್ಲಿ ಶಿಕಾಗೋಗೆ ಬಂದೆ. ಇಲ್ಲಿನ ಚರ್ಚಿನ ಗಾಯನ ಮೇಳದಲ್ಲಿ ಹೆನ್ರಿಯ ಪರಿಚಯವಾಯಿತು. ಹೆನ್ರಿ ಹುಟ್ಟಿದ್ದು ದಕ್ಷಿಣ ಚೀನಾದ ಒಂದು ಹಳ್ಳಿಯಲ್ಲಿ. ಆರು ವರ್ಷದವನಿದ್ದಾಗ ಅಮೆರಿಕಕ್ಕೆ ಬಂದು, ಡೆಟ್ರಾಯಿಟ್‌ನಲ್ಲಿ ಅಪ್ಪ ಅಮ್ಮ ನಡೆಸುತ್ತಿದ್ದ ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬೆಳೆದವನು. ಕಾಲೇಜಿನಲ್ಲಿದ್ದಾಗ ದೀಕ್ಷಾಸ್ನಾನ ಪಡೆದಿದ್ದ. ನಾವು ಮದುವೆಯಾಗುತ್ತೇವೆಂದು ಬರೆದಾಗ ನನ್ನ ತಂದೆ ಬಣ್ಣ ಕೇಳಲಿಲ್ಲ, ಕುಲ ಕೇಳಲಿಲ್ಲ, ಸಂಬಳವನ್ನೂ ಕೇಳಲಿಲ್ಲ. ಹುಡುಗ ವಿಶ್ವಾಸಿಯೋ ಅಲ್ಲವೋ ಎಂದಷ್ಟೇ ಕೇಳಿದರು. ಹುಡುಗ ವಿಶ್ವಾಸಿ ಎಂದು ಬರೆದೆ. ಅವನ ತಾಯಿ ಅಲ್ಲ ಎಂಬುದನ್ನು ಬರೆಯಲಿಲ್ಲ.

ಹೆನ್ರಿಯ ಅಪ್ಪ ತೀರಿಹೋಗಿ ಐದು ವರ್ಷವಾಗಿತ್ತು. ತಾಯಿ ಡೆಟ್ರಾಯಿಟ್‌ನಲ್ಲಿ ಮಗಳು ಲಿಲಿಯ ಜೊತೆ ಇದ್ದರು. ಲಿಲಿ ಹೆನ್ರಿಗಿಂತ ನಾಲ್ಕು ವರ್ಷ ದೊಡ್ಡವಳು. ಅಪ್ಪನ ಲಾಂಡ್ರಿಯನ್ನು ಈಗ ಅವಳೇ ನೋಡಿಕೊಳ್ಳುತ್ತಿದ್ದಳು. ಗಂಡನ ತಾಯಿಯನ್ನು ಅವರ ಭಾಷೆಯಲ್ಲಿ ಸೊಸೆ ‘ನಾಯ್‌ನಾಯ್’ ಎಂದು ಕರೆಯಬೇಕು. ಇದನ್ನು ಮನೆಗೆ ಬರೆದಾಗ ನಮ್ಮವ್ವನಿಂದ ಉತ್ತರ ಬಂತು: “ಅತ್ತೀನ್ನ ನಾಯ್‌ನಾಯ್ ಅಂತ ಕರೀತೀಯಂತಲ್ಲ, ಅಲ್ಲಿ ಹಂಗ ಇರಲಿ. ಇಲ್ಲಿ ಯಾರ ಮುಂದೂ ಬಾಯಿ ಬಿಡಬ್ಯಾಡವಾ. ನಿಮ್ಮತ್ತಿ ಹೆಸರು ಕೆಡ್ತದ, ನಮ್ಮದೂ ಕೆಡ್ತದ.”

ನಾನು ಹೊಂದಿಕೊಂಡೆ. ಈ ಮಾತನ್ನು ಆಗ ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದೆ! ಆರು ವಾರದಲ್ಲಿ ಕಡ್ಡಿಗಳಿಂದ ಅನ್ನ ತಿನ್ನುವುದನ್ನು ಕಲಿತೆ. ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿ ನಿಲ್ಲಿಸಬಾರದು, ಅದು ಸತ್ತವರಿಗೆ ಇಡುವ ರೀತಿ ಎಂದು ಕಲಿತೆ. ಹಿರಿಯರಿಗೆ ಏನನ್ನೇ ಕೊಟ್ಟರೂ ಎರಡು ಕೈಯಿಂದ ಕೊಡುವುದು ನಮ್ಮೂರಲ್ಲೂ ಇದ್ದದ್ದೇ. ಮದುವೆಯ ದಿನ ಅತ್ತೆಯ ಮುಂದೆ ಮಂಡಿಯೂರಿ ಚಹಾ ಕೊಟ್ಟೆ. ಅವರು ಒಂದೇ ಗುಟುಕು ಕುಡಿದು, ಬಗ್ಗಿ, ನನ್ನ ಎರಡೂ ತೋಳು ಹಿಡಿದು ಎಬ್ಬಿಸಿದರು. ಸಾಬೂನು, ಗಂಜಿ, ಬಿಸಿ ಇಸ್ತ್ರಿಯಲ್ಲಿ ಇಪ್ಪತ್ತು ವರ್ಷ ಸವೆದ ಕೈಗಳು, ಬೆರಳ ತುದಿಗಳಲ್ಲಿ ಚರ್ಮವೇ ಇಲ್ಲವೇನೋ ಎಂಬಷ್ಟು ನುಣುಪು. ಆಮೇಲೆ ಮಾವನ ಫೋಟೋದ ಮುಂದೆ ತಲೆಬಾಗಬೇಕಿತ್ತು. ನಾನು ಬಾಗಿದೆ, ಆದರೆ ಮನಸ್ಸಿನಲ್ಲಿ ಯೇಸುವಿಗೆ ಪ್ರಾರ್ಥನೆ ಹೇಳಿಕೊಳ್ಳುತ್ತ ಬಾಗಿದೆ. ತಲೆ ಅತ್ತೆಗೆ, ಪ್ರಾರ್ಥನೆ ಬೆಟಗೇರಿಯ ಅಪ್ಪನಿಗೆ. ಎರಡೂ ಕಡೆ ಸಲ್ಲಿಸಿದೆ ಎಂದು ಒಳಗೊಳಗೇ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಡೆಟ್ರಾಯಿಟ್‌ನ ಅವರ ನೆಂಟರೆಲ್ಲ ‘ಇಂಡಿಯಾದ ಹುಡುಗಿ, ಆದರೂ ನಮ್ಮವಳ ಹಾಗೆಯೇ’ ಎಂದು ಹೊಗಳಿದರು. ಆ ಹೊಗಳಿಕೆ ನನಗೆ ಬೇಕಾಗಿತ್ತು. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ — ಮುಂದೆ ಆದದ್ದಕ್ಕೆಲ್ಲ ಬೇರು ಇಲ್ಲೇ ಇದೆ ಎಂದು ಈಗ ಅನ್ನಿಸುತ್ತದೆ.

೧೯೭೧ರ ಜನವರಿಯಲ್ಲಿ ಸ್ಯಾಮ್ ಹುಟ್ಟಿದ. ಆಸ್ಪತ್ರೆಯಿಂದ ಮನೆಗೆ ಬಂದ ಮಾರನೆಯ ದಿನವೇ ನಾಯ್‌ನಾಯ್ ಡೆಟ್ರಾಯಿಟ್‌ನಿಂದ ಬಸ್ಸಿನಲ್ಲಿ ಬಂದಿಳಿದರು. ಹೊರಗೆ ಮೊಣಕಾಲುದ್ದ ಹಿಮ. ಸುಮಾರು ಮುನ್ನೂರು ಮೈಲಿ ದೂರ ಅವರು ಒಂದು ಮಣ್ಣಿನ ಗಡಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೇ ಬಂದಿದ್ದರು. ಅದರಲ್ಲಿ ಶುಂಠಿ, ಕಪ್ಪಗಿನ ಸಿಹಿ ವಿನೆಗರ್. ನಾನು ಬಸುರಿ ಎಂದು ತಿಳಿದ ಬೇಸಿಗೆಯಿಂದಲೇ ಅದನ್ನು ವಾರಕ್ಕೊಮ್ಮೆ ಕುದಿಸಿ, ಆರಿಸಿ, ಮತ್ತೆ ಕುದಿಸಿ ಹದ ಮಾಡಿದ್ದರಂತೆ. ಮಗು ಹುಟ್ಟಿದ ಮೇಲೆ ಅದಕ್ಕೆ ಹಂದಿಯ ಕಾಲು, ಬೇಯಿಸಿದ ಮೊಟ್ಟೆ ಹಾಕಿ ಬಾಣಂತಿಗೆ ಒಂದು ತಿಂಗಳು ಕೊಡಬೇಕು. ಸೊಂಟ ಗಟ್ಟಿಯಾಗುತ್ತದೆ, ಹಾಲು ಬರುತ್ತದೆ, ಮೈಯೊಳಗಿನ ಗಾಳಿ ಹೋಗುತ್ತದೆ. ತಣ್ಣೀರು ಮುಟ್ಟಬಾರದು, ತಲೆ ತೊಳೆಯಬಾರದು, ಹೊಸಿಲು ದಾಟಬಾರದು, ಕಿವಿಗೆ ಬಟ್ಟೆ ಕಟ್ಟಬೇಕು. ಹೆನ್ರಿ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದುದನ್ನು ಕೇಳುತ್ತಾ ನಾನು ನಕ್ಕುಬಿಟ್ಟೆ. ನಮ್ಮವ್ವ ಬಂದಿದ್ದರೂ ಇದನ್ನೇ ಹೇಳುತ್ತಿದ್ದಳು. ಗಡಿಗೆಯಲ್ಲಿ ಅಳವಿ ಪಾಯಸ, ಅಂಟಿನ ಉಂಡೆ ಇರುತ್ತಿತ್ತು, ಅಷ್ಟೇ ವ್ಯತ್ಯಾಸ. ಬಾಣಂತನಕ್ಕೆ ತಾಯಿ ಇಲ್ಲವೆಂದು ಆಸ್ಪತ್ರೆಯಲ್ಲಿ ಅತ್ತಿದ್ದ ನನಗೆ ಆ ದಿನ ತಾಯಿಯೇ ಬಂದ ಹಾಗಾಯಿತು. ಇದು ಸುಳ್ಳಲ್ಲ. ನನಗೆ ಅವರು ಇಷ್ಟವಾಗಿದ್ದರು.

ಮರುದಿನ ಹನ್ನೊಂದು ಗಂಟೆಗೆ ನಾನು ಹಾಸಿಗೆಯ ಮೇಲಿದ್ದೆ, ಬಾಗಿಲು ತೆರೆದಿತ್ತು. ನಾಯ್‌ನಾಯ್ ತಮ್ಮ ಚೀಲದಿಂದ ಮಾವನ ಫೋಟೋ ತೆಗೆದು ಊಟದ ಕೋಣೆಯ ಕಪಾಟಿನ ಮೇಲೆ ನಿಲ್ಲಿಸಿದರು. ನನ್ನ ಊಟದ ಬಟ್ಟಲನ್ನು ಅದರ ಮುಂದೆ ಇಟ್ಟು, ಮೂರು ಊದುಬತ್ತಿ ಹಚ್ಚಿ, ಕೈ ಜೋಡಿಸಿ ಏನೋ ಹೇಳಿದರು. ಸ್ವಲ್ಪ ಹೊತ್ತು ಕಾದರು. ಆಮೇಲೆ ಅದೇ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದು ನನ್ನ ಹತ್ತಿರ ತಂದರು. ಮುಖದ ತುಂಬ ನಗು.

ಇಲ್ಲಿ ನಮ್ಮ ಬೆಟಗೇರಿಯ ಮನೆಯ ಒಂದು ರೀತಿಯನ್ನು ಹೇಳಬೇಕು. ಪಕ್ಕದ ಮನೆಯ ಗಂಗವ್ವ ಹಬ್ಬಕ್ಕೆ ಹೋಳಿಗೆ ಕೊಟ್ಟು ಕಳಿಸುತ್ತಿದ್ದಳು. ಅವ್ವ ನಗುತ್ತ ತಟ್ಟೆ ಇಸಕೊಂಡು, ಖಾಲಿ ತಟ್ಟೆಯಲ್ಲಿ ಒಂದಿಷ್ಟು ಸಕ್ಕರೆ ಹಾಕಿ ಹಿಂದಿರುಗಿಸುತ್ತಿದ್ದಳು. ಹೋಳಿಗೆ ಮಾತ್ರ ದೇವರಿಗೆ ಎಡೆ ಹಿಡಿದದ್ದು, ನಮಗೆ ಆಗದು. ಅಪ್ಪ ಅದನ್ನು ಹಿತ್ತಲಿಗೆ ಒಯ್ದು ಎಮ್ಮೆಯ ಕಲಗಚ್ಚಿಗೆ ಹಾಕುತ್ತಿದ್ದರು. ತುಪ್ಪದ ವಾಸನೆಗೆ ನಾನೂ ತಮ್ಮನೂ ಬಾಯಲ್ಲಿ ನೀರೂರಿಸಿಕೊಂಡು ಎಮ್ಮೆಯನ್ನು ನೋಡುತ್ತ ನಿಲ್ಲುತ್ತಿದ್ದೆವು. ಗಂಗವ್ವನಿಗೆ ಮೂವತ್ತು ವರ್ಷ ಇದು ಗೊತ್ತಾಗಲಿಲ್ಲ. ಎದುರಿಗೆ ನಗುತ್ತ ಇಸಕೊಳ್ಳುವುದು, ಹಿಂದೆ ಎಮ್ಮೆಗೆ ಹಾಕುವುದು — ಬೇರೆಯವರ ದೇವರ ಜೊತೆ ಹೇಗೆ ಬದುಕಬೇಕು ಎಂಬುದಕ್ಕೆ ನಾನು ಕಲಿತಿದ್ದ ಸೌಜನ್ಯ ಇದೊಂದೇ. ಶಿಕಾಗೋದ ಮೂರನೆಯ ಮಹಡಿಯಲ್ಲಿ ಎಮ್ಮೆ ಇರಲಿಲ್ಲ.

ಬಟ್ಟಲು ಕಂಡಾಗ ನನ್ನ ಮುಖ ಬಾಡಿರಬೇಕು. ಆದರೂ ನಕ್ಕು ಇಸಕೊಂಡೆ. ಅವರು ಅಡಿಗೆಮನೆಗೆ ಹೋದಾಗ, ಮಲಗುವ ಕೋಣೆಗೆ ಅಂಟಿಕೊಂಡಿದ್ದ ಬಾತ್‌ರೂಮಿಗೆ ಹೋಗಿ ಸುರಿದು ನೀರು ಬಿಟ್ಟೆ. ಎಲುಬುಗಳನ್ನು ಕಾಗದದಲ್ಲಿ ಸುತ್ತಿ ಮಗುವಿನ ಕೊಳೆ ಬಟ್ಟೆಯ ಬುಟ್ಟಿಯ ಕೆಳಗೆ ತುರುಕಿದೆ. ಹೊಟ್ಟೆ ಹಸಿದಿತ್ತು. ವಾಸನೆ ಎಷ್ಟು ಚೆನ್ನಾಗಿತ್ತೆಂದರೆ — ಶುಂಠಿ, ಬೆಲ್ಲದಂಥ ಸಿಹಿ, ಹುಳಿ — ಮಂಚದ ಕೆಳಗಿಟ್ಟಿದ್ದ ಉಪ್ಪು ಬಿಸ್ಕತ್ತನ್ನು ಅಗಿಯುತ್ತಾ ನಾನು ಅತ್ತುಬಿಟ್ಟೆ. ಖಾಲಿ ಬಟ್ಟಲು ನೋಡಿ ನಾಯ್‌ನಾಯ್ ನನ್ನ ಕೆನ್ನೆ ಸವರಿದರು.

ಹತ್ತು ದಿನ ಹೀಗೆ. ಬೆಳಿಗ್ಗೆಯ ಗಂಜಿ, ಸಂಜೆಯ ಮೀನು, ಅನ್ನ ಎಲ್ಲವನ್ನೂ ತಿನ್ನುತ್ತಿದ್ದೆ. ಅವುಗಳನ್ನು ಫೋಟೋದ ಮುಂದೆ ಇಡುತ್ತಿರಲಿಲ್ಲ. ಈ ಒಂದು ಬಟ್ಟಲು ಮಾತ್ರ. ಎರಡನೆಯ ದಿನದಿಂದ ಅವರು ನನಗೆ ಚಳಿಯಾಗಬಾರದೆಂದು ಕೋಣೆಯ ಬಾಗಿಲು ಮುಚ್ಚುತ್ತಿದ್ದರು, ಹೊರಗೆ ನಡೆಯುವುದು ಕಾಣುತ್ತಿರಲಿಲ್ಲ. ಊದುಬತ್ತಿಯ ವಾಸನೆ ಮಾತ್ರ ದಿನವೂ ಬರುತ್ತಿತ್ತು. ಅಷ್ಟು ಸಾಕಿತ್ತು ನನಗೆ. ಹೆನ್ರಿಗೆ ಒಂದು ಮಾತು ಹೇಳಿದ್ದರೆ — ಅವನು ತಾಯಿಗೆ ಹೇಳುತ್ತಿದ್ದ, ಅವರು ಒಪ್ಪುತ್ತಿದ್ದರು, ಅಲ್ಲಿಗೆ ಮುಗಿಯುತ್ತಿತ್ತು. ಹೇಳಲಿಲ್ಲ. ‘ನಮ್ಮವಳ ಹಾಗೆಯೇ’ ಎಂಬ ಸರ್ಟಿಫಿಕೇಟು ಹೋಗುತ್ತದಲ್ಲ!

ಹನ್ನೊಂದನೆಯ ದಿನ ಬಾತ್‌ರೂಮಿನ ಬಾಗಿಲು ಸರಿಯಾಗಿ ಹಾಕಿರಲಿಲ್ಲ. ಬಟ್ಟಲು ಬಗ್ಗಿಸಿ ನಿಂತಿದ್ದೆ. ತಿರುಗಿ ನೋಡಿದರೆ ನಾಯ್‌ನಾಯ್, ಕೈಯಲ್ಲಿ ಮಗುವಿನ ಒಣಗಿದ ಬಟ್ಟೆಗಳು. ಅವರು ಸಿಟ್ಟಾಗಲಿಲ್ಲ. ನೀರಿನಲ್ಲಿ ತೇಲುತ್ತಿದ್ದ ಶುಂಠಿಯ ಹೋಳುಗಳನ್ನು ನೋಡಿದರು, ನನ್ನನ್ನು ನೋಡಿದರು. ತಮಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತುಗಳಲ್ಲಿ ಕೇಳಿದರು:

“ಚೆನ್ನಾಗಿಲ್ವಾ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರೆ. ನನ್ನನ್ನು ಯಾರೂ ಕಳ್ಳಿ ಅಂದಿರಲೂ ಇಲ್ಲ. ರುಚಿ ಸರಿಯಿಲ್ಲವೇ ಎಂದು ಕೇಳಿದರು, ಅಷ್ಟೇ. ನಿಜ ಹೇಳಲು ಅದು ಬಾಗಿಲು ತೆರೆದಿಟ್ಟ ಹಾಗಿತ್ತು. ನಾನು ತೊಟ್ಟಿಲಿನ ಕಡೆ ಬೆರಳು ತೋರಿಸಿದೆ. ಎರಡು ವಾರದ ಸ್ಯಾಮ್‌ನ ಕೆನ್ನೆ, ಹಣೆಯ ಮೇಲೆ ಕೆಂಪು ಗುಳ್ಳೆ ಎದ್ದಿದ್ದವು. ಆ ವಯಸ್ಸಿನ ಎಷ್ಟೋ ಮಕ್ಕಳಿಗೆ ಏಳುತ್ತವೆ, ತಾವಾಗಿಯೇ ಹೋಗುತ್ತವೆ. ಹೆರಿಗೆ ವಾರ್ಡಿನಲ್ಲಿ ನಾನೇ ನೂರು ತಾಯಂದಿರಿಗೆ ‘ಏನೂ ಆಗಿಲ್ಲ, ಹೆದರಬೇಡಿ’ ಎಂದು ಹೇಳಿದ್ದೆ. ಈಗ ಹೇಳಿದ್ದು:

“ಡಾಕ್ಟರು ಫೋನಿನಲ್ಲಿ ಹೇಳಿದ್ರು. ಈ ಊಟ ಹಾಲಿಗೆ ಹೋಗತ್ತಂತೆ. ಹಾಲಿಂದ ಮಗೂಗೆ. ಅದಕ್ಕೇ ಈ ಗುಳ್ಳೆ.”

ಅವರಿಗೆ ಅರ್ಥವಾಗಲೆಂದು ಒಂದೊಂದೇ ಮಾತನ್ನು ನಿಧಾನವಾಗಿ ಹೇಳಿದೆ. ಊಟ ಎಂದು ಬಟ್ಟಲು ತೋರಿಸಿದೆ, ಹಾಲು ಎಂದು ಎದೆ ಮುಟ್ಟಿದೆ, ಮಗು ಎಂದು ತೊಟ್ಟಿಲು ತೋರಿಸಿದೆ. ವಾರ್ಡಿನಲ್ಲಿ ಭಾಷೆ ಬಾರದ ರೋಗಿಗಳಿಗೆ ತಿಳಿಸಿ ಹೇಳುವುದರಲ್ಲಿ ನನಗೆ ಒಳ್ಳೆಯ ಹೆಸರಿತ್ತು.

ಅವರಿಗೆ ಚೆನ್ನಾಗಿ ಅರ್ಥವಾಯಿತು. ತಮ್ಮ ಕೈಗಳನ್ನು ಒಮ್ಮೆ ನೋಡಿಕೊಂಡರು. ತೊಟ್ಟಿಲಿನ ಹತ್ತಿರ ಹೋಗಿ ಬಗ್ಗಿ ನೋಡಿದರು, ಮಗುವನ್ನು ಮುಟ್ಟಲಿಲ್ಲ. ಅಡಿಗೆಮನೆಗೆ ಹೋಗಿ ತಿಂಗಳುಗಟ್ಟಲೆ ಕುದಿಸಿದ್ದ ಗಡಿಗೆಯನ್ನು ಬಚ್ಚಲಿಗೆ ಬಗ್ಗಿಸಿದ ಸದ್ದು ಕೇಳಿಸಿತು. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎಂಬ ಗಾದೆಯನ್ನು ನಾನು ಬೇರೆಯವರ ಮೇಲೆ ಎಷ್ಟು ಸಲ ಆಡಿದ್ದೇನೋ. ಇಲ್ಲಿ ಇಲ್ಲದ ಕಲ್ಲನ್ನು ನಾನೇ ಹಾಕಿ, ಮೊಸರು ಮಾಡಿದವರಿಗೆ ತೋರಿಸಿದ್ದೆ.

ಸಂಜೆ ಹೆನ್ರಿ ಕೆಲಸದಿಂದ ಬಂದಾಗ ಅವರ ಚೀಲ ಬಾಗಿಲಲ್ಲಿತ್ತು. ತಾಯಿ ಮಗ ಅವರ ಭಾಷೆಯಲ್ಲಿ ಮಾತಾಡಿದರು. ಆಮೇಲೆ ಅವನು ಒಳಗೆ ಬಂದು ನನ್ನ ಪಕ್ಕ ಕೂತ. “ತನ್ನ ಅಡಿಗೆಯಿಂದ ಮಗೂಗೆ ತೊಂದರೆ ಆಯ್ತು ಅಂತಾಳೆ ಅಮ್ಮ. ಸೊಸೆದು ಏನೂ ತಪ್ಪಿಲ್ಲ, ಪಾಪ, ಹತ್ತು ದಿನ ನನಗೋಸ್ಕರ ತಿಂದಳು ಅಂದಳು. ಡಾಕ್ಟರು ನಿಜವಾಗ್ಲೂ ಹಾಗಂದ್ರಾ ಸೂ?”

“ಹ್ಞೂಂ” ಎಂದೆ. ಎರಡನೆಯ ಸಲ ಹೇಳುವ ಸುಳ್ಳು ಮೊದಲನೆಯದಕ್ಕಿಂತ ಎಷ್ಟು ಸುಲಭ! ಮರುದಿನ ಬೆಳಿಗ್ಗೆಯ ಬಸ್ಸಿಗೆ ಅವರು ಹೋದರು. ಹೋಗುವಾಗ ನನಗೆ ಕೈ ಮುಗಿದರು. ಅತ್ತೆ ಸೊಸೆಗೆ ಕೈ ಮುಗಿಯುವುದು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ.

ವಾರದೊಳಗೆ ಗುಳ್ಳೆಗಳು ಹೋದವು. ಅತ್ತೆಯ ಊಟ ನಿಲ್ಲಿಸಿದ್ದಕ್ಕೇ ಹೋದವು ಎಂದು ಹೆನ್ರಿ ಡೆಟ್ರಾಯಿಟ್‌ಗೆ ಫೋನ್ ಮಾಡಿ ಸಂತೋಷದಿಂದ ತಿಳಿಸಿದ. ನನ್ನ ಸುಳ್ಳಿಗೆ ಸಾಕ್ಷಿಯೂ ಸಿಕ್ಕಿತು. ಅವರಲ್ಲಿ ತಿಂಗಳು ತುಂಬಿದ ದಿನ ಕೂಸಿನ ಅಜ್ಜಿ ಮೊಟ್ಟೆಗಳಿಗೆ ಕೆಂಪು ಬಣ್ಣ ಹಾಕಿ ಊರಿಗೆಲ್ಲ ಹಂಚಬೇಕು. ನಾಯ್‌ನಾಯ್ ಬರಲಿಲ್ಲ. ಬಣ್ಣದ ಪುಡಿಯನ್ನು ಅಂಚೆಯಲ್ಲಿ ಕಳಿಸಿ, ಮೊಟ್ಟೆಗಳನ್ನು ಸೊಸೆಯೇ ಬೇಯಿಸಲಿ ಎಂದರು.

ಆಮೇಲೆ ಅವರು ವರ್ಷಕ್ಕೆರಡು ಸಲ ಬರುತ್ತಿದ್ದರು. ತರುತ್ತಿದ್ದದ್ದು ಅಂಗಡಿಯ ಬಿಸ್ಕತ್ತಿನ ಡಬ್ಬಿ, ಸೀಲು ಒಡೆಯದ್ದು. ನನ್ನ ಮುಂದೆಯೇ ಇಟ್ಟು, ಸೀಲನ್ನು ಬೆರಳಿಂದ ತಟ್ಟಿ ತೋರಿಸುತ್ತಿದ್ದರು — ನಾನು ಮುಟ್ಟಿಲ್ಲ ನೋಡು, ಎಂಬಂತೆ. ಮಗುವನ್ನು ಎತ್ತಿಕೊಳ್ಳುವ ಮೊದಲು ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆಯುತ್ತಿದ್ದರು, ಆಪರೇಷನ್‌ಗೆ ಹೋಗುವ ಡಾಕ್ಟರುಗಳು ತೊಳೆಯುವ ಹಾಗೆ. ‘ಬೇಡ ನಾಯ್‌ನಾಯ್’ ಎಂದು ನಾನು ಟವೆಲ್ ಕೊಡುತ್ತಿದ್ದೆ. ಟವೆಲ್ ಕೊಡುವುದಕ್ಕೆ ಮಾತ್ರ ನನ್ನಲ್ಲಿ ಧೈರ್ಯವಿತ್ತು. ೧೯೭೩ರಲ್ಲಿ ಮಗಳು ಹುಟ್ಟಿದಾಗ, ನಾಚಿಕೆ ಬಿಟ್ಟು ನಾನೇ ಫೋನ್ ಮಾಡಿ ಕರೆದೆ. ಲಿಲಿ ಅನುವಾದಿಸಿದಳು: “ಅಮ್ಮ ಬರಲ್ಲ ಅಂತಾಳೆ. ಒಂದು ಮಗೂಗೆ ಮಾಡಿದ್ದು ಸಾಕಂತೆ.”

ಎಲ್ಲಕ್ಕಿಂತ ನನ್ನನ್ನು ಇರಿಯುವುದು ೧೯೭೫ರ ಅವರ ಹೊಸ ವರ್ಷದ ಹಬ್ಬ. ಡೆಟ್ರಾಯಿಟ್‌ನಲ್ಲಿ, ಲಿಲಿಯ ಮನೆಯಲ್ಲಿ. ಮೇಜಿನ ತುಂಬ ನಾಯ್‌ನಾಯ್ ಮಾಡಿದ ಅಡಿಗೆ. ಸ್ಯಾಮ್‌ನ ಮುಂದೆ ಮಾತ್ರ ಡಬ್ಬಿಯಿಂದ ಬಿಸಿ ಮಾಡಿದ ಸೂಪು, ಬೇರೆ ತಟ್ಟೆ. ಲಿಲಿಯ ಮಕ್ಕಳು ಅಜ್ಜಿಯ ಕೈಯಿಂದ ಮಾಂಸದ ಕಡುಬು ತಿನ್ನುತ್ತಿದ್ದರು. ನಾಲ್ಕು ವರ್ಷದ ಸ್ಯಾಮ್ ಕೈ ಚಾಚಿ ಒಂದು ಎತ್ತಿಕೊಂಡ. ನಾಯ್‌ನಾಯ್ ಕುರ್ಚಿಯಿಂದ ಎದ್ದು ಅವನ ಕೈಗೆ ಹೊಡೆದರು. ಕಡುಬು ನೆಲಕ್ಕೆ ಬಿತ್ತು. ಅವನು ಅಳಲಿಲ್ಲ, ಅಜ್ಜಿಯನ್ನು ನೋಡಿದ. ಲಿಲಿಯ ಮಕ್ಕಳನ್ನು ನೋಡಿದ. ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತದೆ, ತಪ್ಪಾಗಿ ಅರ್ಥವಾಗುತ್ತದೆ. ನಾಯ್‌ನಾಯ್ ಅಡಿಗೆಮನೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತರು, ಭುಜಗಳು ಅಲುಗುತ್ತಿದ್ದವು. ನಾನು ಬಾಗಿಲಲ್ಲೇ ನಿಂತಿದ್ದೆ. ಆ ಹೊತ್ತಿಗೆ ಒಂದು ಮಾತು, ಒಂದೇ ಒಂದು… ಸ್ಯಾಮ್‌ಗೆ ಸೂಪು ಕುಡಿಸಲು ವಾಪಸು ಬಂದೆ.

೧೯೭೭ರಲ್ಲಿ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ತಿಳಿಯಿತು. ನಾನು ರಜೆ ಹಾಕಿ, ಮಕ್ಕಳನ್ನು ಹೆನ್ರಿಗೆ ಒಪ್ಪಿಸಿ, ಡೆಟ್ರಾಯಿಟ್‌ಗೆ ಹೋಗಿ ಮೂರು ವಾರ ಅವರ ಆರೈಕೆ ಮಾಡಿದೆ. ಎಲ್ಲರೂ ನನ್ನನ್ನು ಹೊಗಳಿದರು, ಎಂದಿನಂತೆ. ಅಕ್ಕಿಯ ಗಂಜಿ ಮಾಡಿ ಚಮಚದಲ್ಲಿ ಕುಡಿಸುತ್ತಿದ್ದೆ. ನನ್ನ ಕೈಯಿಂದ ಏನು ಕೊಟ್ಟರೂ ಅವರು ಬಾಯಿ ತೆರೆಯುತ್ತಿದ್ದರು, ಇದರಲ್ಲಿ ಏನಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಒಂದು ಮಧ್ಯಾಹ್ನ, ಲಿಲಿ ಅಂಗಡಿಗೆ ಹೋಗಿದ್ದಾಗ, ಅವರು ಚಮಚ ತಡೆದರು.

“ಸ್ಯಾಮ್. ಮೈ ಚರ್ಮ. ಈಗ ಚೆನ್ನಾಗಿದೆಯಾ?”

“ಚೆನ್ನಾಗಿದೆ ನಾಯ್‌ನಾಯ್. ತುಂಬ ಚೆನ್ನಾಗಿದೆ.”

“ನನ್ನ ತಪ್ಪು” ಎಂದರು. ತಮ್ಮ ಎದೆಯ ಮೇಲೆ ಕೈಯಿಟ್ಟು, ಇನ್ನೊಮ್ಮೆ: “ನನ್ನ ತಪ್ಪು.”

ಕೋಣೆಯಲ್ಲಿ ನಾವಿಬ್ಬರೇ. ಹೇಳಬೇಕಾದ ಮಾತಿಗೆ ಹೆಚ್ಚು ಇಂಗ್ಲಿಷೂ ಬೇಕಿರಲಿಲ್ಲ. ‘ಇಲ್ಲ. ನನ್ನ ಸುಳ್ಳು.’ ಮೂರೇ ಪದ. ನಾನು ಹೊದಿಕೆಯ ಸುಕ್ಕು ಸರಿ ಮಾಡಿದೆ. ಸಾಯುವವರ ಮನಸ್ಸನ್ನು ಕಲಕಬಾರದು ಎಂದು ನರ್ಸಿಂಗಿನಲ್ಲಿ ಹೇಳಿಕೊಟ್ಟಿದ್ದು ನೆನಪಾಯಿತು — ನೋಡಿ, ಬೇಕಾದಾಗ ಎಂಥ ಒಳ್ಳೆಯ ಪಾಠಗಳು ನೆನಪಾಗುತ್ತವೆ! ಕಲಕದೆ ಉಳಿಸಿಕೊಂಡದ್ದು ನನ್ನನ್ನೇ. ಐದು ದಿನದ ನಂತರ ಅವರು ಹೋದರು.

ಅಂತ್ಯಕ್ರಿಯೆಯಲ್ಲಿ ಮನೆಯವರೆಲ್ಲ ಮೂರು ಸಲ ತಲೆಬಾಗಬೇಕಿತ್ತು. ಈ ಸಲ ನಾನು ಮನಸ್ಸಿನಲ್ಲಿ ಯಾವ ಪ್ರಾರ್ಥನೆಯನ್ನೂ ಹೇಳಿಕೊಳ್ಳಲಿಲ್ಲ. ಅವರಿಗೇ ಬಾಗಿದೆ. ದೇವರು ಅದಕ್ಕೆ ನನ್ನ ಮೇಲೆ ಸಿಟ್ಟಾಗಿರಲಾರನು, ಸಿಟ್ಟಾಗಲು ಅವನಿಗೆ ಬೇರೆ ಕಾರಣವಿತ್ತು.

ಮಾರನೆಯ ದಿನ ಲಿಲಿಯೂ ನಾನೂ ಅಡಿಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದೆವು. ಅವಳು ಸಹಜವಾಗಿ, ಹಳೆಯ ಮಾತೊಂದನ್ನು ನೆನೆಯುವ ಹಾಗೆ ಹೇಳಿದಳು:

“ಸ್ಯಾಮ್ ವಿಷಯದಲ್ಲಿ ಅಮ್ಮನಿಗೆ ಕೊನೇವರೆಗೂ ಒಂದು ಕೊರಗು ಇತ್ತು. ನಿನಗೆ ಹೇಳಬೇಡ ಅಂದಿದ್ದಳು, ಈಗ ಹೇಳ್ತೀನಿ. ಶಿಕಾಗೋದಲ್ಲಿ ಮೊದಲ ದಿನ ಬಟ್ಟಲನ್ನ ಅಪ್ಪನ ಫೋಟೋ ಮುಂದೆ ಇಟ್ಟು ಕೊಟ್ಟಾಗ ನಿನ್ನ ಮುಖ ಸಣ್ಣದಾಯ್ತಂತೆ. ನೀನು ಚರ್ಚಿನ ಹುಡುಗಿ, ಇದು ನಿನಗೆ ಆಗಲ್ಲ ಅಂತ ಅವಳಿಗೆ ಗೊತ್ತಾಯ್ತು. ಮರುದಿನದಿಂದ ನಿನ್ನ ಪಾಲನ್ನ ಮೊದಲು ತೆಗೆದು ನಿನಗೆ ಕೊಡ್ತಿದ್ದಳು. ನೀನು ಊಟಕ್ಕೆ ಕೂತ ಮೇಲೆ, ಉಳಿದಿದ್ದನ್ನ ಅಪ್ಪನಿಗೆ ಇಟ್ಟು ಊದುಬತ್ತಿ ಹಚ್ಚೋಳು. ನಮ್ಮಲ್ಲಿ ಹಾಗೆ ಯಾರೂ ಮಾಡಲ್ಲ. ಬದುಕಿದ್ದಾಗಲೂ ಅಪ್ಪನಿಗೆ ಮೊದಲು ಬಡಿಸದೆ ಅವಳು ಯಾರಿಗೂ ಬಡಿಸಿದೋಳಲ್ಲ. ಆಮೇಲೆ ಮಗೂಗೆ ಹಾಗಾಯ್ತಲ್ಲ… ಸೊಸೆ ಎಂಜಲು ಇಟ್ಟೆ ಅಂತ ಅಪ್ಪನಿಗೆ ಕೋಪ ಬಂದಿದೆ, ಅದು ಕೂಸಿನ ಮೇಲೆ ತಿರುಗಿದೆ ಅಂದ್ಕೊಂಡಳು. ತನ್ನ ಕೈ ಅಡಿಗೆ ಸ್ಯಾಮ್‌ಗೆ ಮುಟ್ಟಿಸಿದರೆ ಮತ್ತೆ ಏನಾದರೂ ಆಗತ್ತೆ ಅಂತ ಹೆದರಿಕೆ. ಆರು ವರ್ಷ ದಿನಾ ಅಪ್ಪನ ಫೋಟೋ ಮುಂದೆ ನಿಂತು ಕ್ಷಮೆ ಕೇಳ್ತಿದ್ದಳು.”

ನನ್ನ ಕೈಯಲ್ಲಿ ಒಂದು ತಟ್ಟೆ ಇತ್ತು. ಅದನ್ನು ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ. ಊದುಬತ್ತಿಯ ವಾಸನೆ ಆ ದಿನಗಳಲ್ಲಿ ಬಟ್ಟಲು ನನ್ನ ಕೈಗೆ ಬಂದ ಮೇಲೆ ಬರುತ್ತಿತ್ತು, ಮೊದಲಲ್ಲ. ಒಮ್ಮೆಯಾದರೂ ಗಮನಿಸಿದ್ದರೆ ತಿಳಿಯುತ್ತಿತ್ತು. ಮೊದಲ ದಿನದ್ದು ಬಿಟ್ಟರೆ, ನಾನು ಸುರಿದದ್ದು ಎಡೆ ಹಿಡಿದ ಊಟವಾಗಿರಲಿಲ್ಲ. ಒಬ್ಬ ವಿಧವೆ ತನ್ನ ಜೀವಮಾನದ ಕ್ರಮವನ್ನು ಮುರಿದು, ಗಂಡನಿಗಿಂತ ಮೊದಲು, ಪರದೇಶದ ಪರಧರ್ಮದ ಸೊಸೆಗೆ ಬಡಿಸಿದ ಊಟ. ಚೀನೀ ಸಂಪ್ರದಾಯಕ್ಕೆ ಹೊಂದಿಕೊಂಡೆ ಎಂದು ಊರೆಲ್ಲ ನನ್ನನ್ನು ಹೊಗಳುತ್ತಿದ್ದಾಗ, ಬಾಯಿ ಬಿಟ್ಟು ಹೇಳದೆ, ಯಾರಿಂದಲೂ ಹೊಗಳಿಸಿಕೊಳ್ಳದೆ ಹೊಂದಿಕೊಂಡವರು ಅವರು. ಆ ದಯೆಗೆ ಶಿಕ್ಷೆ ಬಂತೆಂದು ಅವರು ನಂಬುವಂತೆ ಮಾಡಿದವಳು ನಾನು.

ಲಿಲಿಗೂ ಆಗ ಹೇಳಲಿಲ್ಲ. ತಲೆನೋವು ಎಂದು ಹೋಗಿ ಮಲಗಿದೆ.

ಹೆನ್ರಿ ಎಂಟು ವರ್ಷದ ಹಿಂದೆ, ಇಲ್ಲೇ ಶಿಕಾಗೋ ಹತ್ತಿರದ ಲಿಸ್ಲ್‌ನ ಈ ಮನೆಯಲ್ಲಿ, ಏನೂ ತಿಳಿಯದೆ ತೀರಿಹೋದ. ಅವನಿಗೆ ಹೇಳಲು ನನಗೆ ನಲವತ್ತು ವರ್ಷಗಳ ಅವಕಾಶವಿತ್ತು. ಸ್ಯಾಮ್‌ಗೆ ಈಗ ಐ‍ವತ್ತು, ಡೆಟ್ರಾಯಿಟ್ ಹತ್ತಿರ ಪ್ಲಿಮತ್‌ನಲ್ಲಿದ್ದಾನೆ. ಹೋದ ತಿಂಗಳು ಅವನ ಮನೆಯಲ್ಲಿದ್ದೆ. ಅವನ ಮಗಳು ಶಾಲೆಗೆಂದು ಮನೆತನದ ಬಗ್ಗೆ ಏನೋ ಬರೆಯುತ್ತಿದ್ದಳು; ನಾಯ್‌ನಾಯ್ ಫೋಟೋ ತೋರಿಸಿ, ಇವರು ಹೇಗಿದ್ದರು ಎಂದು ಅಪ್ಪನನ್ನು ಕೇಳಿದಳು. ಸ್ಯಾಮ್ ನಕ್ಕ. “ಶಿ ನೆವರ್ ಲೈಕ್ಡ್ ಮಿ” ಎಂದ. ಅಜ್ಜಿಗೆ ನಾನಂದರೆ ಆಗುತ್ತಿರಲಿಲ್ಲ. ನೋವಿಲ್ಲದೆ ಹೇಳಿದ, ಹವಾಮಾನದ ಬಗ್ಗೆ ಹೇಳುವ ಹಾಗೆ. ಬಹುಶಃ ಅರ್ಧ ಇಂಡಿಯನ್ ಮೊಮ್ಮಗ ಎಂದು ಹಾಗಿದ್ದಿರಬಹುದು, ಆ ಕಾಲದವರು ಹಾಗೇ, ಎಂದೂ ಸೇರಿಸಿದ. ಹುಡುಗಿ ಅದನ್ನು ಹಾಗೆಯೇ ಬರೆದುಕೊಂಡಳು.

ನಾನು ಅಲ್ಲೇ ಕೂತಿದ್ದೆ. ಅಲ್ಲ ಎನ್ನಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿದ ಮಾತನ್ನು ಹಿಂದಕ್ಕೆ ತರಲಾರೆ. ಅತ್ತೆಗೆ ಹೇಳಬೇಕಾದದ್ದನ್ನು ಇನ್ನು ಎಲ್ಲಿ ಹೇಳಲಿ? ನಮ್ಮ ಸಭೆಯಲ್ಲಿ ಪಾಪವನ್ನು ದೇವರಿಗೆ ಅರಿಕೆ ಮಾಡಿದರೆ ಸಾಕು ಎನ್ನುತ್ತಾರೆ. ಅವನಿಗೆ ಸಾವಿರ ಸಲ ಅರಿಕೆ ಮಾಡಿದ್ದೇನೆ. ಅವನು ಕ್ಷಮಿಸಿರಲೂಬಹುದು. ಆದರೆ ಒಬ್ಬ ಹುಡುಗಿಯ ಶಾಲೆಯ ಪುಸ್ತಕದಲ್ಲಿ ನನ್ನ ಅತ್ತೆ ಮೊಮ್ಮಗನನ್ನು ಪ್ರೀತಿಸದ ಮುದುಕಿಯಾಗಿ ಕೂತಿದ್ದಾರೆ, ದೇವರ ಕ್ಷಮೆ ಅದನ್ನು ಅಳಿಸುವುದಿಲ್ಲ.

ಶನಿವಾರ ಪ್ಲಿಮತ್‌ಗೆ ಹೋಗುತ್ತಿದ್ದೇನೆ. ಎಂಬತ್ತಮೂರರ ಲಿಲಿಯನ್ನೂ ಅಲ್ಲಿಗೇ ಕರೆಸಿದ್ದೇನೆ, ಒಂದು ವಿಷಯ ಹೇಳಬೇಕು ಎಂದಷ್ಟೇ ತಿಳಿಸಿದ್ದೇನೆ. ಸುಳ್ಳು ಹೇಳಿದ್ದು ಇಂಗ್ಲಿಷಿನಲ್ಲಿ, ನಿಜವನ್ನೂ ಅದರಲ್ಲೇ ಹೇಳಬೇಕು. ಕನ್ನಡದ ಈ ಹಾಳೆಗಳ ಹಿಂದೆ ಅವಿತುಕೊಂಡರೆ ಆಗದು. ಮೊಮ್ಮಗಳೂ ಕೇಳಲಿ, ಪುಸ್ತಕ ತೆರೆದಿಟ್ಟುಕೊಂಡೇ ಕೇಳಲಿ. ಮುತ್ತಜ್ಜಿಯ ಬಗ್ಗೆ ಬರೆದುಕೊಂಡ ಆ ಸಾಲನ್ನು ಹೊಡೆದು ಹಾಕಿ, ಅದರ ಕೆಳಗೆ ನನ್ನ ಹೆಸರು ಹಾಕಿ, ನಾನು ಮಾಡಿದ್ದನ್ನು ಬರೆದುಕೊಳ್ಳಲಿ. ಸ್ಯಾಮ್ ಆಮೇಲೆ ನನ್ನ ಜೊತೆ ಮಾತು ಬಿಟ್ಟರೂ ಬಿಡಬಹುದು. ಬಿಡಲಿ. ಅವನು ತನ್ನ ಅಜ್ಜಿಗೆ ಸಿಕ್ಕರೆ ಸಾಕು.